ಡ್ರೈವರ್ ಮಾವನ ಕಾರಿನ ಪಿಕಪ್

ಮೊನ್ನೆ ಸುಂಟಿಕೊಪ್ಪದ ಗ್ಯಾರೇಜಿನಲ್ಲಿ ನನ್ನ ಕಾರಿನ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದರು. ಕಾಫಿ ಹೊಟ್ಟಿನ ದೂಳು ಬುಸ್ಸೆಂದು ಎದ್ದಿತು. ಒಣಗಿದ, ಸ್ವಲ್ಪ ಹುಳಿ ಬೆರೆತ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಡ್ರೈವರ್ ಮಾವ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು. ಕಾಫಿ ಒಣಗಿಸುವ ಕಣದ ಪಕ್ಕ ಕಾರು ನಿಲ್ಲಿಸಬೇಡ ಎಂದು ಬೈಯುವವರು ಈಗ ಯಾರೂ ಇಲ್ಲ...

ಅವರು ನಮ್ಮ ಪಕ್ಕದ ಮನೆಯವರು. ಮೀಸೆ ನರೆಯುವವರೆಗೂ ಒಂದು ಎಸ್ಟೇಟಿನಲ್ಲಿ ಡ್ರೈವರ್ ಆಗಿದ್ದವರು. ನನಗೆ ಕಾರು ಕಲಿಸಿದವರೂ ಅವರೇ. ಕಲಿಸಿದರು ಅನ್ನುವುದಕ್ಕಿಂತ ಬೈದರು ಎನ್ನಬೇಕು. "ಕ್ಲಚ್ಚಿನ ಮೇಲೆ ಕಾಲಿಟ್ಟು ನಿದ್ದೆ ಮಾಡ್ತೀಯಾ?" ಎಂದು ಅವರು ಕೇಳಿದರೆ ಮನೆ ಮುಂದಿನ ಕಣದಲ್ಲಿ ಕಾಫಿ ಹರಡುತ್ತಿದ್ದವರೆಲ್ಲ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮರುದಿನ ನಾನೇ ಹೋಗಿ ಅವರ ಬಾಗಿಲು ತಟ್ಟುತ್ತಿದ್ದೆ.

ಪ್ರತಿ ವರ್ಷ ಹೊಸ ಕದಿರು ತರುವ ಹುತ್ತರಿ ಹಬ್ಬಕ್ಕೆ ಎಸ್ಟೇಟಿನ ಧಣಿಗಳ ಸಂಸಾರವನ್ನು ಅವರ ಕುಟುಂಬದ ಮನೆಗೆ ಕರೆದುಕೊಂಡು ಹೋಗುವುದು ಮಾವನ ಕೆಲಸ. ಮಾವನ ಹೆಂಡತಿ, ನಾನು ಅತ್ತೆ ಎಂದು ಕರೆಯುತ್ತಿದ್ದವರು, ರೇಷ್ಮೆ ಸೀರೆ ಉಟ್ಟು ಒಬ್ಬರೇ ಬಸ್ಸಿನಲ್ಲಿ ಹುದಿಕೇರಿಯ ತವರಿಗೆ ಹೋಗುತ್ತಿದ್ದರು. ದಾರಿಯುದ್ದಕ್ಕೂ ನಿಂತೇ ಹೋದದ್ದೂ ಉಂಟಂತೆ. ಕೆಲಸದಿಂದ ನಿವೃತ್ತರಾದ ಮೇಲೆ ಮಾವ ಒಂದು ಹಳೆಯ ಕಾರು ಕೊಂಡದ್ದು ಬೇರೆ ಯಾವ ಆಸೆಗೂ ಅಲ್ಲ. ಹುತ್ತರಿಯ ದಿನ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಾವೇ ಓಡಿಸಿಕೊಂಡು ತವರಿಗೆ ಹೋಗಬೇಕು, ಅಷ್ಟೇ. ಅತ್ತೆಯೂ ಏನು ಕಡಿಮೆಯವರಲ್ಲ. "ಹತ್ತಿದ್ರೆ ಹುತ್ತರಿ ದಿನವೇ ಹತ್ತುದು" ಎಂದು ಪೇಟೆಗೂ ಅದರಲ್ಲಿ ಹೋಗಲಿಲ್ಲ.

ಹಬ್ಬ ಹತ್ತಿರ ಬಂದಾಗಲೇ ಕಾರು ಕೈಕೊಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಹಠಾತ್ತನೆ ಮುಂದಕ್ಕೆ ಹಾರುತ್ತಿತ್ತು. "ಪಿಕಪ್ಪೇ ಇಲ್ಲ ಮಾರಾಯ್ತಿ. ಯೋಚನೆ ಮಾಡಿ ಓಡ್ತದೆ ಇದು" ಎಂದು ಮಾವ ನನ್ನೆದುರು ಗೊಣಗಿದರು. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್, ನಾವೆಲ್ಲ ಕಾಕ ಎಂದು ಕರೆಯುವವರು, ಏರ್ ಫಿಲ್ಟರ್ ಬಿಚ್ಚಿದರೆ ಹೊಟ್ಟಿನ ದೂಳು ಗಟ್ಟಿಯಾಗಿ ಕೂತಿತ್ತು. ಸಿಕ್ಕಿತು ಕಳ್ಳ ಎಂದು ಎಲ್ಲರಿಗೂ ಖುಷಿ. ಹೊಸ ಫಿಲ್ಟರ್ ಹಾಕಿದರೂ ಕಾರಿನ ಬುದ್ಧಿ ಬದಲಾಗಲಿಲ್ಲ. ಪ್ಲಗ್ ಬದಲಾಯಿಸಿದರು, ಸಡಿಲಾಗಿದ್ದ ಆಕ್ಸಿಲರೇಟರ್ ಕೇಬಲ್ ಬಿಗಿ ಮಾಡಿದರು. ಊಹೂಂ. ಮಾವ ಕಾಕನಿಗೆ ಕೆಲಸವೇ ಮರೆತುಹೋಗಿದೆ ಎಂದು ಜಗಳಕ್ಕೆ ನಿಂತರು.

ಕೊನೆಗೆ ಕಾಕ ಮಾವನನ್ನು ಪಕ್ಕದಲ್ಲಿ, ನನ್ನನ್ನು ಹಿಂದೆ ಕೂರಿಸಿಕೊಂಡು ಮಡಿಕೇರಿ ಕಡೆಯ ಏರಿನಲ್ಲಿ ತಾವೇ ಓಡಿಸಿದರು. ಒತ್ತಿದ ಕೂಡಲೇ ಕಾರು ಎಳೆಯಿತು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ತಿರುಗಿಸಿ ತಂದು ಅದೇ ಏರಿಗೆ ಮಾವನ ಕೈಗೆ ಕೊಟ್ಟರು. ಮತ್ತೆ ಅದೇ ತಡ, ಅದೇ ಹಾರಾಟ. ಕಾಕ ಆಗ ನೋಡುತ್ತಿದ್ದದ್ದು ರಸ್ತೆಯನ್ನಲ್ಲ, ಮಾವನ ಬಲಗಾಲನ್ನು.

ಗ್ಯಾರೇಜಿಗೆ ಬಂದ ಮೇಲೆ ಮಾವ ಇಳಿದು, ಜಲ್ಲಿಕಲ್ಲಿನ ಮೇಲೆ ನಡೆದು, ಎದುರಿನ ಚಹಾದಂಗಡಿಗೆ ಹೋದರು. ಬಲಗಾಲಿನ ಚಪ್ಪಲಿ ಪೆಡಲಿನ ಕೆಳಗೇ ಉಳಿದಿತ್ತು. ಅದು ಅವರಿಗೆ ಗೊತ್ತೇ ಆಗಿರಲಿಲ್ಲ.

ಕಾಕ ಆ ಚಪ್ಪಲಿ ತೆಗೆದುಕೊಂಡು ಹೋಗಿ ಅವರ ಕಾಲಿನ ಮುಂದೆ ಇಟ್ಟರು. "ಡ್ರೈವರೇ, ಗಾಡಿ ಸರಿ ಉಂಟು. ಸಕ್ಕರೆ ಕಾಯಿಲೆ ಉಂಟಲ್ಲಾ ನಿಮಗೆ, ಕಾಲು ಡಾಕ್ಟ್ರಿಗೆ ತೋರಿಸಿ."

ಮಾವ ಚಪ್ಪಲಿಯನ್ನೇ ನೋಡುತ್ತ ಕೂತರು. ಅಂದು ಮಾತ್ರ ಅವರು ಯಾರನ್ನೂ ಬೈಯಲಿಲ್ಲ. ಬರುವಾಗ ಕೀ ನನ್ನ ಕೈಗೆ ಕೊಟ್ಟರು.

ಬಲ ಪಾದದ ನರ ಸತ್ತುಹೋಗಿದೆ, ಎಷ್ಟು ಒತ್ತುತ್ತಿದ್ದೇವೆ ಎಂದು ಕಾಲಿಗೇ ತಿಳಿಯುವುದಿಲ್ಲ, ಇನ್ನು ರಸ್ತೆಗೆ ಕಾರು ತರಬೇಡಿ ಎಂದರು ಡಾಕ್ಟರು. ಬದುಕಿಡೀ ಕಾಲಿನಿಂದ ದುಡಿದ ಮನುಷ್ಯ. ಆ ದೇವರಿಗೆ ಬೇರೆ ಯಾವ ಅಂಗವೂ ಕಾಣಲಿಲ್ಲವೇ ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ಹುತ್ತರಿಯ ಬೆಳಿಗ್ಗೆ ನಾನು ಕಾರು ಓಡಿಸಲೆಂದು ಹೋದೆ. ಕಾಫಿ ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಕಣ ಖಾಲಿಯಾಗಿ ಗುಡಿಸಿಟ್ಟಿತ್ತು. ಮಾವ ಅತ್ತೆಗೆ ಮುಂದಿನ ಬಾಗಿಲು ತೆಗೆದು ಕೊಟ್ಟು, ತಾವು ಸ್ಟೀರಿಂಗಿನ ಹಿಂದೆ ಕೂತರು. ನನಗೆ ಗಾಬರಿ. "ಹೆದರಬೇಡ, ಆಕ್ಸಿಲರೇಟರ್ ಮುಟ್ಟುದಿಲ್ಲ ನಾನು" ಎಂದರು. ಫಸ್ಟ್ ಗೇರಿಗೆ ಹಾಕಿ, ಎಡಗಾಲನ್ನು ಕ್ಲಚ್ಚಿನಿಂದ ಮೆಲ್ಲನೆ ಬಿಟ್ಟರು. ಎಂಜಿನ್ ತನ್ನಷ್ಟಕ್ಕೆ ಎಳೆಯಿತು. ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲೆ. ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಕಾರು ಕಣಕ್ಕೆ ಒಂದು ಸುತ್ತು ಬಂತು. ಅತ್ತೆ ರೇಷ್ಮೆ ಸೀರೆಯಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದರು, ಹುದಿಕೇರಿಗೇ ಹೊರಟವರ ಹಾಗೆ. ಸುತ್ತು ಮುಗಿಸಿ ನಿಲ್ಲಿಸಿ, ಇಬ್ಬರೂ ಇಳಿದು ಹಿಂದಿನ ಸೀಟಿಗೆ ಬಂದರು. ಹುದಿಕೇರಿಗೆ ನಾನು ಓಡಿಸಿದೆ.

ಆಮೇಲೆ ಆ ಬಲಗಾಲಿಗೆ ಗಾಯವಾಯಿತು, ಮಾಗಲಿಲ್ಲ... ಕಾಲು ತೆಗೆದರು. ಅದರ ನಂತರ ಅವರು ಹೆಚ್ಚು ಕಾಲ ಉಳಿಯಲಿಲ್ಲ.

ಈಗಲೂ ಹುತ್ತರಿಗೆ ಅತ್ತೆಯನ್ನು ತವರಿಗೆ ಬಿಡುವುದು ನಾನೇ. ಕಳೆದ ಸಲ ಮುಂದಿನ ಬಾಗಿಲು ತೆಗೆದು ನಿಂತೆ. ಅವರು ನನ್ನನ್ನು ದಾಟಿ, ಹಿಂದಿನ ಬಾಗಿಲು ತಾವೇ ತೆಗೆದು ಕೂತರು.

"ಯಾಕೆ ಅತ್ತೆ, ಮುಂದೆ ಆರಾಮಲ್ವಾ?"

"ಮುಂದೆ ಕೂತದ್ದು ಆಯ್ತಲ್ಲ ಮಗಳೇ" ಎಂದರು.