ತಂಬಿಗೆ ಹಿಡಿದ ಓಟ

ನಾನು ಗುಡೇಕೋಟೆ ಕಡೆ ಪಿ.ಟಿ. ಮಾಸ್ತರನಾಗಿದ್ದಾಗ, ಓಡಿದರೆ ನನ್ನ ನೆರಳು ಹಿಂದುಳಿದು, ಮುಂದಿನ ಬಸ್ಸು ಹಿಡಿದು ಬರುತ್ತಿತ್ತು. ಹೈಸ್ಕೂಲು ಮಕ್ಕಳಿಗೆ ಮಾತ್ರ, "ಒಲಿಂಪಿಕ್ಸ್ ಆಮೇಲೆ ನೋಡೋಣು, ದಿನಾ ನಸುಕಿನ್ಯಾಗ ಕೆರಿ ಏರಿತನಕ ಓಡ್ರಿ, ಸಾಕು" ಅಂದಿದ್ದೆ.

ಒಂದಿನ ಒಂಬತ್ತನೇ ತರಗತಿಯ ರೇಣುಕಾಳ ಅಜ್ಜಿ ಬಂದಳು.

"ಹುಡುಗಿ ಯಾರನ್ನ ನೋಡಾಕ ಓಡ್ತಾಳ್ರಿ, ಮಾಸ್ತರ?"

"ಆರೋಗ್ಯಕ್ಕ ಓಡ್ತಾಳಬೇ."

"ಆರೋಗ್ಯಕ್ಕ ಓಡಿದವ್ರನ್ನ ನಾ ಕಂಡಿಲ್ಲ. ಊರು ಆಡಿಕೊಳ್ತೈತಿ, ಸಾಲಿ ಬಿಡಸ್ತೀನಿ."

ನಸುಕಿನಲ್ಲಿ ತಂಬಿಗೆ ಹಿಡಿದು ಬಯಲಿಗೆ ಹೊರಟವರನ್ನು ನಮ್ಮ ಕಡೆ ಯಾರೂ ತಡೆಯುವುದಿಲ್ಲ. "ತಂಬಿಗಿ ಹಿಡಕೊಂಡು ಓಡ್ಲಿ ಬಿಡಬೇ" ಅಂದೆ. ಅಜ್ಜಿ ಒಪ್ಪಿದಳು, ರೇಣುಕಾಳ ಸಾಲಿ ಉಳಿಯಿತು. ವಾರದೊಳಗೆ ಇಡೀ ತರಗತಿ ತಂಬಿಗೆ ಹಿಡಿದು ಓಡತೊಡಗಿತು.

ಆಗ ಊರ ಹಿರಿಯರೇ ಬಂದರು. "ಮಾಸ್ತರ, ಹುಡುಗ್ರಿಗೆ ಸಾಲ್ಯಾಗ ಏನ್ ತಿನಸ್ತೀರಿ?"

ಬಿಸಿಯೂಟ ಇನ್ನೂ ಶುರುವೇ ಆಗಿರಲಿಲ್ಲ.