ಸುಲ್ತಾನನ ಹೆಸರಿನ ಮೇಲೆ ತೂತು

ನಾನು ನಿಂತಿದ್ದದ್ದು ಶನಿವಾರಸಂತೆಯ ಅಕ್ಕಸಾಲಿಯ ಅಂಗಡಿಯೊಳಗೆ, ಕುಲುಮೆಯ ಎಡಕ್ಕೆ, ಬೆಳ್ಳಿ ಕರಗಿಸುವ ಮೂಸೆ ಕೈಗೆಟಕುವಷ್ಟು ಹತ್ತಿರ. ಶಿವರಾತ್ರಿಯ ಮಾರನೆಯ ಬೆಳಿಗ್ಗೆ. ಅಂಗಡಿ ಆಗಷ್ಟೇ ತೆರೆದಿತ್ತು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ.

ಕಾಫಿ ಹೂವಿಗೆ ನೀರು ಹೊಡೆಯಲೆಂದು ಅಣ್ಣ ತೋಟದ ಕೆರೆಯನ್ನು ಆಳ ಮಾಡಿಸುವಾಗ ಜೆಸಿಬಿಗೆ ಒಂದು ಕುಡಿಕೆ ಸಿಕ್ಕಿತ್ತು. ಒಳಗೆ ಒಂದು ಹಿಡಿ ಬೆಳ್ಳಿ ನಾಣ್ಯ. ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಮಾಡಿದವು. ಒಂದೂ ಸರಿಯಾಗಿ ದುಂಡಗಿಲ್ಲ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು, ಅಕ್ಷರಗಳೆಲ್ಲ ಅಂಚಿನಲ್ಲಿ ತುಂಡಾಗಿದ್ದವು. ಲಿಪಿ ಅರಬಿ. ಬಹಮನಿ ಸುಲ್ತಾನರದ್ದಿರಬಹುದು ಅಂದುಕೊಂಡೆ. ಯಾವ ಸುಲ್ತಾನ? ಎಲ್ಲ ಸಾಲೂ ಪೂರ್ತಿ ಬಿದ್ದಿದ್ದದ್ದು ಒಂದೇ ನಾಣ್ಯದಲ್ಲಿ.

ಕುಶಾಲನಗರದಲ್ಲಿ ಅರಬಿ ಓದಬಲ್ಲ ಗೆಳೆಯನಿಗೆ ತೋರಿಸೋಣವೆಂದೆ. ತಹಶೀಲ್ದಾರರಿಗೆ ತಿಳಿಸಲೇಬೇಕೆಂದೆ. ಅವರು ಬಂದು ಕೆರೆಗೆ ಬೇಲಿ ಹಾಕಿದರೆ ಹೂವಿಗೆ ನೀರು ನೀನು ಹೊಡೆಯುತ್ತೀಯಾ ಎಂದು ಅಣ್ಣ ಕೇಳಿದ. ಫೋಟೊ ತೆಗೆಯಹೋದರೆ ವಾಟ್ಸ್ಯಾಪಿನಲ್ಲಿ ಊರಿಡೀ ಹರಡುತ್ತದೆಂದು ಫೋನನ್ನೇ ಕಿತ್ತು ಜೇಬಿಗೆ ಹಾಕಿಕೊಂಡ. ಮೊಮ್ಮಗಳಿಗೆ ಲಿಂಗದ ಕರಡಿಗೆ ಮಾಡಿಸಬೇಕಿತ್ತು. ಬೆಳ್ಳಿ ತಾನಾಗಿಯೇ ಬಂದಿದೆ, ಇನ್ನೇನು ಮಾತು ಎಂಬುದು ಅವನ ವಾದ.

ಕುಲುಮೆಯ ಮುಂದೆಯೂ ಬೇಡಿದೆ.

"ಅಣ್ಣಾ, ಅದೊಂದನ್ನ ಬಿಡು. ಯಾವ ರಾಜಂದು ಅಂತಾದ್ರೂ ಗೊತ್ತಾಗ್ಲಿ."

"ಗೊತ್ತಾದ್ರೆ ಅವ್ನೇನು ಬಂದು ಕಾಫಿ ಕುಯ್ತಾನೇನೋ?"

ಅಕ್ಕಸಾಲಿ ನಕ್ಕ. ಜೊತೆಗೆ ಬಂದಿದ್ದ ಅತ್ತಿಗೆ ನಗಲಿಲ್ಲ. "ಒಂದು ಇರ್ಲಿ ಬಿಡ್ರೀ, ಅಷ್ಟು ಕೇಳ್ತಾನಲ್ಲ," ಎಂದರು. ಆ ಒಂದನ್ನು ಮೂಸೆಗೆ ಹಾಕಹೊರಟಿದ್ದ ಅಣ್ಣ ಕೈ ಹಿಂದೆಗೆದ. ಉಳಿದವೆಲ್ಲ ನನ್ನ ಕಣ್ಣೆದುರೇ ಕರಗಿದವು. ಒಂದಾದರೂ ಉಳಿಯಿತಲ್ಲ ಅಂದುಕೊಂಡೆ.

ಉಳಿದದ್ದು ಸುಮ್ಮನೆ ಯಾಕಿರಬೇಕು, ಮಗುವಿನ ಉಡಿದಾರಕ್ಕಾಗಲಿ ಎಂದು ಅಣ್ಣ ತೂತು ಹಾಕಲು ಹೇಳಿದ. ನಾನು ಬೇಡ ಎನ್ನುವುದರೊಳಗೆ ಉಳಿ ಇಳಿದಿತ್ತು. ಅಂಚು ತೆಳುವಾಗಿದೆಯೆಂದು ಅಕ್ಕಸಾಲಿ ಒಳಗೆ ಹೊಡೆದಿದ್ದ, ಕೆಳಗಿನ ಸಾಲಿನ ನಟ್ಟನಡುವೆ.

ಆಮೇಲೆ ಗೆಳೆಯ ಅದನ್ನು ಬೆಳಕಿಗೆ ಹಿಡಿದು, 'ಸುಲ್ತಾನ' ಎಂಬಲ್ಲಿಯವರೆಗೆ ಓದಿದ. ಹೆಸರಿನ ಜಾಗದಲ್ಲಿ ತೂತು. ಅಲ್ಲಿ ಅಕ್ಷರದ ಗೀರು ಬಾಗಿತ್ತೋ ನೆಟ್ಟಗಿತ್ತೋ ತಿಳಿದರೆ ಯಾವ ಸುಲ್ತಾನನೆಂದು ಹೇಳಬಹುದು, ನೆನಪಿದೆಯೇ ಎಂದು ಕೇಳಿದ. ಬಾಗಿದ್ದಂತೆ ನೆನಪು. ಪ್ರಮಾಣ ಮಾಡಲಾರೆ.

ಅಣ್ಣ ಈಗಿಲ್ಲ. ಆ ನಾಣ್ಯವನ್ನು ಇಡಿಯಾಗಿ ಕಂಡವರಲ್ಲಿ ನನ್ನನ್ನು ಬಿಟ್ಟು ಬದುಕಿರುವವರು ಅಕ್ಕಸಾಲಿ ಮತ್ತು ಅತ್ತಿಗೆ. ಗೀರು ನೆಟ್ಟಗಿತ್ತು ಎನ್ನುತ್ತಾನೆ ಅಕ್ಕಸಾಲಿ. ಅತ್ತಿಗೆ ಹೇಳುವುದೇ ಬೇರೆ: ಅಲ್ಲೇನೂ ಇರಲಿಲ್ಲ, ಅದಕ್ಕೇ ಅಲ್ಲವೇ ಅಲ್ಲಿ ತೂತು ಹಾಕಿದ್ದು.