ಹಲಗೆಯ ಮೇಲೆ ಎಡಗಾಲು

ಬಹರೈನಿನ ಮೀನಾ ಸಲ್ಮಾನ್ ಬಂದರಿನ ಹಿಂದಿನ ಸಾಲಿನಲ್ಲಿದ್ದ ನಮ್ಮ ವರ್ಕ್‌ಶಾಪಿಗೆ ಬರುತ್ತಿದ್ದದ್ದು ಫೈಬರ್ ದೋಣಿಗಳು. ತಳ ಸೀಳಿದ್ದು, ಮೂತಿ ಜಜ್ಜಿದ್ದು, ಎಂಜಿನ್ ಕೂರುವ ಹಲಗೆ ಕೊಳೆತದ್ದು. ಹಾಗಾಗಿ, ತೊಂಬತ್ತರ ದಶಕದ ನಡುವಿನ ಒಂದು ನವೆಂಬರಿನಲ್ಲಿ ಹಡಗುಕಟ್ಟೆಯ ಯುರೋಪಿನ ಎಂಜಿನಿಯರ್ ಒಬ್ಬ ಎದೆಯೆತ್ತರದ ಹಲಗೆಯನ್ನು ಕಂಕುಳಲ್ಲಿ ಹಿಡಿದು ಬಂದಾಗ, ಯಾವುದೋ ದೊಡ್ಡ ದೋಣಿಯ ಚುಕ್ಕಾಣಿ ಇರಬೇಕು ಅಂದುಕೊಂಡೆ.

ಅದು ಹಿಮದ ಮೇಲೆ ನಿಂತು ಜಾರುವ ಹಲಗೆ ಎಂದ ಅವನು. ಅಂಚಿಗೆ ಸುತ್ತ ಹಾಕಿದ್ದ ಉಕ್ಕಿನ ಪಟ್ಟಿ ಒಂದು ಕಡೆ ಎದ್ದು ಬಂದಿತ್ತು. ಆಗುತ್ತದಾ ಎಂದು ಕೇಳಿದ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆಮೇಲೆ ಗಂಗೊಳ್ಳಿಯ ದೋಣಿ ಕಟ್ಟುವಲ್ಲಿ ಹನ್ನೊಂದು ವರ್ಷ ಬೆವರು ಸುರಿಸಿ ಕಲಿತದ್ದೇ ನನ್ನ ವಿದ್ಯೆ. ‘ಆಗುವುದಿಲ್ಲ’ ಎಂಬ ಮಾತು ಆ ವಿದ್ಯೆಯಲ್ಲಿ ಇರಲಿಲ್ಲ. ಪಟ್ಟಿಯ ಕೆಳಗಿನ ಮರಳು ಕೆರೆದು, ರೆಸಿನ್ ಇಳಿಸಿ, ಎಂಟು ಕ್ಲಾಂಪ್ ಬಿಗಿದು ಎರಡು ದಿನ ಬಿಟ್ಟೆ. ತೆಗೆದ ಮೇಲೆ ಅಂಚಿನ ಮೇಲೆ ಉಗುರು ಎಳೆದು ನೋಡಿದ ಅವನು, “ಉಸ್ತಾದ್!” ಎಂದ. ಕೈಕೆಲಸ ಬಲ್ಲವನನ್ನು ಅಲ್ಲಿ ಕರೆಯುವುದೇ ಹಾಗೆ. ಆದರೂ ಅವನ ಬಾಯಲ್ಲಿ ಕೇಳಿ ಎರಡು ದಿನ ಬೆನ್ನು ನೆಟ್ಟಗಿತ್ತು.

ದುಡ್ಡು ಕೊಡುವಾಗ ಅವನು ಪರ್ಸಿನಿಂದ ಒಂದು ಫೋಟೋ ತೆಗೆದು ತೋರಿಸಿದ. ಬಿಳಿಯ ಗುಡ್ಡ. ಅದರ ಮೇಲಿಂದ ಕೆಳಗಿನವರೆಗೆ ಹಾವಿನಂತೆ ಬಳುಕಿದ ಒಂದೇ ಒಂದು ಗೆರೆ, ಪೆನ್ಸಿಲಿನಷ್ಟು ಸಣ್ಣದು.

“ಈ ಹಲಗೆಯಲ್ಲಿ ನಾನು ಎಳೆದದ್ದು,” ಎಂದ. “ನೋ ಸ್ಲೈಡ್, ಉಸ್ತಾದ್. ಕಟ್.” ಅಂಗೈಯನ್ನು ಓರೆ ಮಾಡಿ ಗಾಳಿಯನ್ನು ಕೊಯ್ದು ತೋರಿಸಿದ.

ಜಾರುವುದಲ್ಲ, ಕೊಯ್ಯುವುದು. ಹಲಗೆಯನ್ನು ಒಂದು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿದರೆ ಅದು ತಾನೇ ತಿರುಗುತ್ತದೆ, ಏಕೆಂದರೆ ಅದರ ನಡು ಸಣ್ಣ, ಎರಡು ತುದಿ ಅಗಲ. ಇದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ದೋಣಿಯ ಹೊಟ್ಟೆಯ ಗೆರೆ ಹಾಕಿದವನಿಗೆ ಅದು ಕಣ್ಣಿಗೇ ಗೊತ್ತಾಗುತ್ತದೆ. ನನ್ನನ್ನು ಹಿಡಿದದ್ದು ಆ ಫೋಟೋದ ಗೆರೆ. ಅಂಥದ್ದೊಂದನ್ನು ನಾನೂ ಎಳೆಯಬೇಕು ಅನ್ನಿಸಿಬಿಟ್ಟಿತು. ಬಹರೈನಿನಲ್ಲಿ ನಾನು ಮಾಡುತ್ತಿದ್ದದ್ದೆಲ್ಲ ಬೇರೆಯವರು ಒಡೆದದ್ದನ್ನು ಕೂಡಿಸುವ ಕೆಲಸ. ನನ್ನದು ಎಂದು ಹೇಳುವ ಒಂದು ಗೆರೆಯೂ ಅಲ್ಲಿ ಇರಲಿಲ್ಲ.

ರಿಫಾ ದಾಟಿ ಸಖೀರ್ ಕಡೆಯ ಮರುಭೂಮಿಯಲ್ಲಿ ಅವನೊಂದು ಮರಳಿನ ಇಳಿಜಾರು ಹುಡುಕಿಟ್ಟಿದ್ದ. ಮೂರು ತೆಂಗಿನಮರ ಅಡ್ಡ ಹಾಕಿದಷ್ಟು ಉದ್ದ, ಹೆಚ್ಚಿಲ್ಲ. ಅವನ ಹತ್ತಿರ ಇನ್ನೊಂದು ಹಳೆಯ ಹಲಗೆ ಇತ್ತು. “ನಿನಗೆ ಬೇಕಾದ ಹಾಗೆ ಮಾಡಿಕೋ, ಶುಕ್ರವಾರ ಬಾ. ಮಾರ್ಚ್‌ಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ, ಆಮೇಲೆ ಎರಡನ್ನೂ ಊರಿಗೆ ಒಯ್ಯುತ್ತೇನೆ,” ಎಂದ. ಅಂದರೆ ನನಗಿದ್ದದ್ದು ನಾಲ್ಕು ತಿಂಗಳ ಶುಕ್ರವಾರಗಳು.

ಮೊದಲ ಶುಕ್ರವಾರವೇ ಒಂದು ಪರೀಕ್ಷೆ ಮಾಡಿದ. ನಾನು ಸುಮ್ಮನೆ ನಿಂತಿದ್ದಾಗ ಹಿಂದಿನಿಂದ ಬೆನ್ನಿಗೊಂದು ನೂಕು. ಬೀಳದಿರಲು ಎಡಗಾಲು ಮುಂದೆ ಹೋಯಿತು.

“ಹಾಂ! ಲೆಫ್ಟ್,” ಎಂದ. “ನಿನಗೆ ಎಡಗಾಲು ಮುಂದೆ.”

ನಾನು ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡೆ. “ನೋ ಸರ್. ರೈಟ್. ಆಲ್ವೇಸ್ ರೈಟ್.”

ಅವನಿಗೆ ಹೇಗೆ ಹೇಳುವುದು? ಹೊಸ ದೋಣಿಗೆ, ಹೊಸ ಮನೆಗೆ, ಯಾವುದಕ್ಕಾದರೂ ಬಲಗಾಲಿಟ್ಟೇ ಹತ್ತಬೇಕು ಎಂದು ತಿಳಿದವರು ನಾವು. ನನ್ನ ಹೆಂಡತಿ ನಮ್ಮ ಮನೆಗೆ ಬಲಗಾಲಿಟ್ಟು ಬಂದವಳು. ನಾನು ವಿಮಾನದ ಮೆಟ್ಟಿಲನ್ನೂ ಬಲಗಾಲಿಟ್ಟೇ ಹತ್ತಿದ್ದೆ. ಹೊಸ ಕೆಲಸಕ್ಕೆ ಎಡಗಾಲು ಮುಂದಿಡುವುದೆಂದರೆ ಏನು?

ಅವನು ಭುಜ ಕುಣಿಸಿದ. “ನಿನ್ನ ಕಾಲು, ಉಸ್ತಾದ್.”

ಬಲಗಾಲು ಮುಂದೆ ಬರುವಂತೆ, ಬೂಟನ್ನು ಹಲಗೆಗೆ ಹಿಡಿದಿಡುವ ಕಟ್ಟುಗಳನ್ನು ಬಿಗಿದೆ. ಹಾಗೆ ಶುರುವಾಯಿತು ನನ್ನ ಬೀಳುವಿಕೆ. ಹಲಗೆಯ ಮೇಲೆ ಅಡ್ಡ ನಿಲ್ಲುವುದರಿಂದ ಒಂದು ಅಂಚು ಹಿಮ್ಮಡಿಯ ಕಡೆ, ಇನ್ನೊಂದು ಬೆರಳಿನ ಕಡೆ. ಹಿಮ್ಮಡಿಯ ಅಂಚಿನ ಮೇಲೆ ಹೇಗೋ ನಿಲ್ಲುತ್ತಿದ್ದೆ. ಬೆರಳಿನ ಅಂಚಿಗೆ ತಿರುಗಿಸಹೋದರೆ ಹಲಗೆಯ ಹಿಂಭಾಗ ಬಡಕಲು ನಾಯಿಯ ಬಾಲದಂತೆ ಒದರಿ, ನಾನು ಮುಖ ಅಡಿಯಾಗಿ ಮರಳಿಗೆ. ಹಿಂದೆ ಉಳಿಯುತ್ತಿದ್ದದ್ದು ಗೆರೆಯಲ್ಲ, ಎಮ್ಮೆ ಹೊರಳಿದ ಗುರುತು.

ತಪ್ಪು ಸಾಮಾನಿನದ್ದೇ ಎಂದು ನಿರ್ಧರಿಸಿದೆ. ಸಾಮಾನು ಸರಿಪಡಿಸುವುದು ನನ್ನ ಕಸುಬಲ್ಲವೇ? ಕೊಟ್ಟ ಬೂಟು ಎರಡು ಸೈಜು ದೊಡ್ಡದು, ತುದಿ ಅಂಚಿನಾಚೆ ಚಾಚಿ ಮರಳಿಗೆ ಉಜ್ಜುತ್ತಿತ್ತು. ಮನಾಮದ ಅಂಗಡಿಯೊಂದರಲ್ಲಿ ನನ್ನ ಅಳತೆಯ ದಪ್ಪ ಬೂಟು ಹುಡುಕಿ, ಹಿಮ್ಮಡಿ ಏಳದಂತೆ ಒಳಗೆ ಸ್ಪಂಜು ಅಂಟಿಸಿದೆ. ಮರಳು ತಳವನ್ನು ಕೆರೆದು ಹಿಡಿಯುತ್ತಿತ್ತು. ಅವನನ್ನು ಕೇಳಿ ತಳಕ್ಕೆ ಫಾರ್ಮಿಕಾ ಹಾಳೆ ಅಂಟಿಸಿ ಮೇಣದಬತ್ತಿ ತಿಕ್ಕಿದೆ. ಹಲಗೆ ಎಣ್ಣೆ ಹಚ್ಚಿದಂತೆ ಓಡತೊಡಗಿತು, ನಾನೂ ಎರಡು ಪಟ್ಟು ವೇಗದಲ್ಲಿ ಬೀಳತೊಡಗಿದೆ. ಕಾಲುಗಳ ನಡುವಿನ ಅಂತರವನ್ನು ನೆಲದಿಂದ ಮಂಡಿಯ ಎತ್ತರಕ್ಕೆ ಸಮ ಮಾಡಿದೆ. ಕಟ್ಟಿನ ಅಡಿಯ ಬಿಲ್ಲೆಯ ನಾಲ್ಕು ಸ್ಕ್ರೂ ಸಡಿಲಿಸಿ ಪಾದ ಎಷ್ಟು ಓರೆ ನಿಲ್ಲಬೇಕೆಂದು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದೆ. ಮುಂದಿನ ಪಾದ ಹೆಚ್ಚು ಓರೆ, ಹಿಂದಿನದು ಕಡಿಮೆ. ತುಕ್ಕು ಹಿಡಿದ ಅಂಚಿಗೆ ಅರ ಹಾಕಿದೆ. ಬದಲಿಸದೆ ಉಳಿದದ್ದು ಒಂದೇ: ಯಾವ ಕಾಲು ಮುಂದೆ ಎಂಬುದು.

ನನ್ನ ಕೋಣೆಯ ಜೊತೆಗಾರ ಮಂಗಳೂರು ಕಡೆಯ ಕ್ರಿಶ್ಚಿಯನ್, ಹೋಟೆಲಿನಲ್ಲಿ ಅಡುಗೆಯವನು. ಶುಕ್ರವಾರ ಸಂಜೆ ನಾನು ಬಾಗಿಲಲ್ಲಿ ಬೂಟು ಕೊಡವಿದರೆ ಅವನಿಗೆ ಹಬ್ಬ.

“ಎಂತ ಮಾರಾಯ, ಮರಳಲ್ಲಿ ಬೀಳ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ನಿಮ್ಮ ವರ್ಕ್‌ಶಾಪಿನ ಹಿಂದೆಯೇ ರಾಶಿ ಉಂಟಲ್ಲ!”

“ಕಲೀತಾ ಇದ್ದೇನೆ ಮಾರಾಯ.”

“ಕಲಿ, ಕಲಿ. ಊರಿಗೆ ಹೋದ್ಮೇಲೆ ಹಿಮ ಬಿದ್ರೆ ಉಪಯೋಗ ಆಗ್ತದೆ.”

ನಗುತ್ತಿದ್ದ. ನನಗೂ ನಗು ಬರುತ್ತಿತ್ತು. ಆದರೆ ದೀಪ ಆರಿಸಿದ ಮೇಲೆ ಒಳಗೊಳಗೇ ಉರಿ. ಕೈಗೆ ಬಂದ ಯಾವ ಕೆಲಸವೂ ನನಗೆ ಒಲಿಯದೆ ಹೋದದ್ದಿರಲಿಲ್ಲ.

ಆಗ ನಾವು ಊರಿಗೆ ಕಾಗದದ ಬದಲು ಕ್ಯಾಸೆಟ್ ಕಳಿಸುವುದಿತ್ತು. ಕಾಗದ ಬರೆಯಲು ಕೂತರೆ ನನ್ನ ಪೆನ್ನು ಎರಡನೇ ಸಾಲಿಗೇ ನಿಲ್ಲುತ್ತಿತ್ತು. ಮಾತಾದರೆ ಹರಿಯುತ್ತಿತ್ತು. ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟರೆ ವಾರದಲ್ಲಿ ಮನೆ ಸೇರುತ್ತಿತ್ತು, ಉತ್ತರ ಬರಲು ತಿಂಗಳು. ತೊಂದರೆ ಒಂದೇ. ಕ್ಯಾಸೆಟ್ ಬಂತೆಂದರೆ ಅಮ್ಮ, ಅತ್ತಿಗೆ, ಆಚೀಚೆ ಮನೆಯವರು ಎಲ್ಲ ಸುತ್ತ ಕೂತು ಕೇಳುತ್ತಿದ್ದರು. ಮದುವೆಯಾಗಿ ಐವತ್ತು ದಿನಕ್ಕೆ ಬಿಟ್ಟು ಬಂದ ಹೆಂಡತಿಗೆ ಅದರಲ್ಲಿ ಏನು ಹೇಳಲಿ? ಅವಳನ್ನು ಕರೆಸಿಕೊಳ್ಳುವ ವೀಸಾ ನನ್ನಂಥ ಕೈಕೆಲಸದವನಿಗೆ ಸಿಗುವಂತಿರಲಿಲ್ಲ. ಮಾಹೂಝ್ ಕಡೆಯ ಫ್ಲ್ಯಾಟುಗಳ ಬಾಲ್ಕನಿಯಲ್ಲಿ ನಮ್ಮವರ ಸೀರೆ ಒಣಗುವುದು ಕಂಡರೆ ಬಸ್ಸಿನಲ್ಲಿ ಆಚೆ ಬದಿಗೆ ತಿರುಗಿ ಕೂರುತ್ತಿದ್ದೆ. ಕ್ಯಾಸೆಟ್ಟಿನಲ್ಲಿ ಮಾತ್ರ ಸೆಕೆಯ ಸುದ್ದಿ, ಮೀನಿನ ಸುದ್ದಿ. ಆ ಸಲ ಹಲಗೆಯ ಸುದ್ದಿಯನ್ನೂ ಹೇಳಿದೆ. ಬಲಗಾಲು ಮುಂದಿಟ್ಟೇ ಶುರು ಮಾಡಿದ್ದೇನೆ, ಆದರೂ ಅದು ಒಲಿಯುತ್ತಿಲ್ಲ ಎಂದೆ. ಅಮ್ಮನಿಗೆ ಸಮಾಧಾನವಾಗಲಿ ಎಂದು ಬಲಗಾಲನ್ನು ಒತ್ತಿಯೇ ಹೇಳಿದೆ.

ಉತ್ತರ ಬಂದದ್ದು ಫೆಬ್ರವರಿ ಕೊನೆಯಲ್ಲಿ. ಅಮ್ಮನ ಮಂಡಿನೋವು, ಅತ್ತಿಗೆಯ ಹೊಸ ಕರು, ಎಲ್ಲರದ್ದೂ ಮುಗಿದು ಖಾಲಿ ಟೇಪು ಸರಸರ ಓಡುತ್ತಿತ್ತು. ಆರಿಸಲು ಕೈ ಚಾಚಿದ್ದೆ. ಆಗ ಅವಳ ಧ್ವನಿ, ಮೈಕಿಗೆ ಬಾಯಿ ತಾಗಿಸಿದಷ್ಟು ಹತ್ತಿರ.

“ಹೋಯ್, ಕೇಂತ್ರಿಯಾ? ಅತ್ತೆ ನೀರಿಗೆ ಬಾಯಿಕಟ್ಟೆಗೆ ಹೋಯಿದ್ರ್. ಒಂದ್ ವಿಷ್ಯ ಹೇಳ್ತೆ, ಯಾರಿಗೂ ಹೇಳ್ಬೇಡಿ. ನೀವ್ ನನ್ನ ಕಾಂಬುಕೆ ಬಂದ್ ದಿನ ಎಡ್ಗಾಲ್ ಇಟ್ಟೇ ಒಳಗ್ ಬಂದದ್. ನಾನ್ ಬಾಗ್ಲ್ ಸಂದಿಯಿಂದ ಕಂಡಿದ್ದೆ. ನಮ್ಮ ಅಜ್ಜಿ ಕಂಡಿದ್ರೆ ಮದುವೆಯೇ ಆಪ್ದಿರ್ಲಿಲ್ಲ. ನಾನ್ ಬಾಯ್ ಮುಚ್ಕಂಡೆ.” ಒಂದು ಸಣ್ಣ ನಗು. “ಕುಂದಾಪ್ರದ್ ದೋಣಿ ಹತ್ತುವತಿಗೂ ಹಾಂಗೇ. ನಿಮ್ ಎಡ್ಗಾಲ್ ನಿಮ್ಗಿಂತ ಮೊದ್ಲೇ ಹೊರಡ್ತ್. ಆ ಹಲ್ಗಿಗೆ ನಮ್ಮೂರ್ ಶಾಸ್ತ್ರ ಗೊತ್ತಾ? ಎಡ್ಗಾಲ್ ಇಟ್ ಕಾಣಿ.”

ಕಟಕ್ ಎಂದು ಟೇಪು ನಿಂತಿತು.

ಐವತ್ತು ದಿನದಲ್ಲಿ ಅವಳು ನನ್ನ ಕಾಲನ್ನು ಇಷ್ಟು ನೋಡಿದ್ದಳೇ? ಅವಳ ಯಾವ ಕಾಲು ಮೊದಲು ಹೊರಡುತ್ತದೆಂದು ನನಗೆ ಗೊತ್ತಿರಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದೆ. ಬಾವಿಕಟ್ಟೆ, ಕೊಡಪಾನ, ಒದ್ದೆ ಸೆರಗು ಕಂಡವು. ಕಾಲು ಕಾಣಲಿಲ್ಲ.

ಉಳಿದಿದ್ದದ್ದು ಒಂದೇ ಶುಕ್ರವಾರ. ಮುಂದಿನ ವಾರ ಎಂಜಿನಿಯರ್ ಹೊರಡುವವನಿದ್ದ. ಗುರುವಾರ ಮಳೆ ಬಂತು. ಬಹರೈನಿನ ಮಳೆ ಎಂದರೆ ಅರ್ಧ ಗಂಟೆಯದು, ಆದರೆ ಮರಳನ್ನು ಒತ್ತಿ ಕೂರಿಸಲು ಸಾಕು. ಬೆಳಿಗ್ಗೆ ಜೊತೆಗಾರನ ಟೇಪ್ ರೆಕಾರ್ಡರ್ ಕೇಳಿದೆ.

“ಎಂತಕ್ಕೆ, ಬೀಳುವ ಶಬ್ದ ಹಿಡೀಲಿಕ್ಕಾ?”

“ಹೌದು, ನಿನ್ಗೇ ಕೇಳಿಸ್ಲಿಕ್ಕೆ.”

“ಮರಳು ಒಳಗೆ ಹೋದ್ರೆ ಉಂಟಲ್ಲ, ನಿನ್ನನ್ನೇ ಬಿಚ್ಚಿ ರಿಪೇರಿ ಮಾಡ್ತೇನೆ ನೋಡು,” ಎನ್ನುತ್ತಲೇ ಹೊಸ ಸೆಲ್ ಹಾಕಿ, ಪ್ಲಾಸ್ಟಿಕ್ ಸುತ್ತಿ ಕೊಟ್ಟ.

ಇಳಿಜಾರಿನ ತುದಿಯಲ್ಲಿ ಕೂತು ಎಂಟು ಸ್ಕ್ರೂಗಳನ್ನೂ ಬಿಚ್ಚಿದೆ. ಎಡಗಾಲಿನ ಕಟ್ಟನ್ನು ಮುಂದಕ್ಕೆ ತಂದೆ. ಎಂಜಿನಿಯರ್ ನೋಡಿದ, ‘ನಾನು ಅಂದೇ ಹೇಳಿದ್ದೆ’ ಎನ್ನಲಿಲ್ಲ. ಆ ಉಪಕಾರ ನಾನು ಮರೆತಿಲ್ಲ. ಅವನು ರೆಕಾರ್ಡರ್ ಹಿಡಿದು ಕೆಳಗಿಳಿದು, ಕೆಂಪು ಗುಂಡಿ ಒತ್ತಿದ ಮೇಲೆ ಕೈ ಎತ್ತಿದ.

ಮೊದಲ ಎರಡು ಸಲ ಬಿದ್ದೆ, ಹಳೆಯ ಅಭ್ಯಾಸ. ಮೂರನೆಯ ಸಲ ನಿಂತಾಗ ಕಣ್ಣ ಮುಂದೆ ಮರಳಿರಲಿಲ್ಲ. ಕುಂದಾಪುರಕ್ಕೆ ಹೋಗುವ ಕಡವಿನ ದೋಣಿಯ ಮೂತಿ ಇತ್ತು, ಎಡಗಾಲು ಅದರ ಮೇಲೆ, ಬಲಗಾಲು ಇನ್ನೂ ಕೆಸರಿನಲ್ಲಿ. ಮಂಡಿ ಮಡಚಿದೆ. ಹಿಮ್ಮಡಿಗೆ ಭಾರ ಬಿಟ್ಟೆ. ಹಲಗೆ ಓರೆಯಾಯಿತು, ಒದರಲಿಲ್ಲ. ಬಿಲ್ಲಿನಂತೆ ಬಾಗಿ ಕಾಲಡಿಯಲ್ಲಿ ಬಿಗಿಯಾಯಿತು, ತಾನೇ ಎಡಕ್ಕೆ ತಿರುಗಿತು. ಮೆಲ್ಲಗೆ ಎದ್ದು ಬೆರಳಿನ ಅಂಚಿಗೆ ಬಾಗಿದೆ. ಈ ಜಾಗದಲ್ಲೇ ನಾಲ್ಕು ತಿಂಗಳು ಬಿದ್ದಿದ್ದೆ. ಅಂಚು ಹಸಿ ಮರಳನ್ನು ಕಚ್ಚಿತು. ಕೆರೆಯುವ ಶಬ್ದ ನಿಂತು ಹೊಸದೊಂದು ಶಬ್ದ ಬಂತು, ಹೊಸ ಬಟ್ಟೆಗೆ ಕತ್ತರಿ ಹಾಕಿದಂಥದ್ದು. ಬಲಕ್ಕೊಂದು, ಎಡಕ್ಕಿನ್ನೊಂದು. ಕೆಳಗೆ ರೆಕಾರ್ಡರಿನ ಪಕ್ಕದಲ್ಲೇ ನಿಂತೆ. ಎಂಜಿನಿಯರ್ ಅವನ ಭಾಷೆಯಲ್ಲಿ ಏನೋ ಕೂಗಿದ.

ತಿರುಗಿ ನೋಡಿದೆ. ಮೇಲಿಂದ ಕೆಳಗಿನವರೆಗೆ ಒಂದು ಗೆರೆ. ದೋಣಿ ಕಟ್ಟುವ ಮರದ ಮೇಲೆ ಪೆನ್ಸಿಲಿನಲ್ಲಿ ನಾನೇ ಹಾಕಿದಂತೆ ಸಣ್ಣದು, ಎಲ್ಲೂ ಒಡೆದಿಲ್ಲ. ಹತ್ತಿ ಇನ್ನೊಮ್ಮೆ ಇಳಿ ಎಂದ ಅವನು. ನನಗೆ ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಮರಳು ಒಣಗಿ ಗಾಳಿ ಶುರುವಾಗುವವರೆಗೆ ಅಲ್ಲೇ ಕೂತಿದ್ದೆವು. ಗೆರೆ ಮೇಲಿನಿಂದ ಒಂದೊಂದೇ ಗೇಣು ಮುಚ್ಚುತ್ತಾ ಬಂತು. ಅವಳೊಮ್ಮೆ ನೋಡಿದ್ದರೆ, ಎಂದುಕೊಂಡೆ. ಬಾಗಿಲ ಸಂದಿಯಿಂದಲಾದರೂ.

ಮುಂದಿನ ವಾರ ಎಂಜಿನಿಯರ್ ಹೋದ. ಎರಡು ಹಲಗೆಗಳನ್ನೂ ನಾನೇ ಗೋಣಿತಟ್ಟು ಸುತ್ತಿ ಕಟ್ಟಿಕೊಟ್ಟೆ. ಹಳೆಯದರಲ್ಲಿ ಎಡಗಾಲಿನ ಕಟ್ಟು ಮುಂದೆಯೇ ಇತ್ತು.

ಕ್ಯಾಸೆಟ್ಟಿನಲ್ಲಿ ಎಲ್ಲರಿಗೂ ಎಲ್ಲ ಸುದ್ದಿ ಹೇಳಿ, ಕೊನೆಗೆ ಆ ರೆಕಾರ್ಡಿಂಗ್ ಹಾಕಿ, “ಆಯ್ತು,” ಎಂದಷ್ಟೇ ಹೇಳಿದೆ. ಎಡಗಾಲಿನ ಮಾತು ಎತ್ತಲಿಲ್ಲ.

ಅವಳ ಉತ್ತರ ಬಂದಾಗ ಮೇ ತಿಂಗಳ ಸೆಕೆ. ಈ ಸಲ ಖಾಲಿ ಟೇಪು ಓಡುವಾಗ ನಾನು ಕಾದಿದ್ದೆ.

“ಅತ್ತೆ ಕೇಂಡ್ರ್, ‘ಅದ್ಯಾರ್ ಹಾಂಗ್ ಕೂಗ್ದದ್, ಜಗಳ ಆಯ್ತಾ?’ ಅಂದ್. ನಂಗೂ ನಿಮ್ ಹಲ್ಗಿ ಶಬ್ದ ಎಂತದೂ ಕೇಣ್ಲಿಲ್ಲ, ಬರೀ ಗಾಳಿ. ಆದ್ರೆ ಕಡಿಗೆ ನೀವ್ ಹತ್ರ ಬಂದ್ ನಿಂತ್ ಉಸ್ರ್ ಬಿಡ್ತ್ರಿ ಅಲ್ದಾ, ಅದ್ ಕೇಂತ್. ದಿನಾ ಅದ್ ಒಂದ್ ಹಾಕ್ಕಂಡ್ ಕೇಂತೆ.”

ಟೇಪನ್ನು ಹಿಂದಕ್ಕೆ ತಿರುಗಿಸಿದೆ. ಅವಳು ‘ಕೇಂತೆ’ ಎಂದ ಮೇಲೆ, ಟೇಪು ನಿಲ್ಲುವ ಮೊದಲು, ಅವಳದೂ ಒಂದು ಉಸಿರು ಇತ್ತು. ನನ್ನ ರಜೆಗೆ ಇನ್ನೂ ಏಳು ತಿಂಗಳಿತ್ತು.